ಜಲಜನಕ ಹೊತ್ತ ಅಮೋನಿಯಾ: ಇಳಿಸುವ ಕೂಲಿ ಎಷ್ಟು?

2022ರ ಫೆಬ್ರುವರಿ ಕೊನೆಯಲ್ಲಿ ಜಪಾನಿನ ಕೋಬೆ ಬಂದರಿಗೆ ‘ಸುಯಿಸೊ ಫ್ರಾಂಟಿಯರ್’ ಎಂಬ ಹಡಗು ಬಂದು ನಿಂತಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಿಂದ ಹೊರಟು, ದ್ರವರೂಪದ ಜಲಜನಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಗರ ದಾಟಿದ ಮೊದಲ ಹಡಗು ಅದು. ಜಲಜನಕವನ್ನು ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಬೇಕು. ಅಷ್ಟು ತಣಿಸುವಷ್ಟರಲ್ಲಿ ಆ ಜಲಜನಕದೊಳಗಿನ ಶಕ್ತಿಯ ಸುಮಾರು ಮೂರನೇ ಒಂದು ಪಾಲಿನಷ್ಟು ಕರೆಂಟು ಖರ್ಚಾಗಿರುತ್ತದೆ. ಹಡಗಿನ ಟ್ಯಾಂಕಿನಲ್ಲಿ 1,250 ಘನ ಮೀಟರ್ ಜಾಗವಿತ್ತು. ಕೇಳಲು ದೊಡ್ಡದೇ. ಆದರೆ ದ್ರವ ಜಲಜನಕ ಎಷ್ಟು ಹಗುರವೆಂದರೆ ಘನ ಮೀಟರಿಗೆ ಅದು ತೂಗುವುದು ಬರೀ 71 ಕಿಲೋ. ಟ್ಯಾಂಕನ್ನು ಕಂಠಮಟ್ಟ ತುಂಬಿದರೂ 90 ಟನ್ ದಾಟುವುದಿಲ್ಲ.

ಅದೇ ಸಮುದ್ರದಲ್ಲಿ, ಯಾರೂ ಫೋಟೊ ತೆಗೆಯದ ಇನ್ನೊಂದು ಜಾತಿಯ ಹಡಗುಗಳು ಓಡಾಡುತ್ತಲೇ ಇವೆ. ಅಡುಗೆ ಅನಿಲವನ್ನೂ ಅಮೋನಿಯಾವನ್ನೂ ಸಾಗಿಸುವ ಮಧ್ಯಮ ಗಾತ್ರದ ಟ್ಯಾಂಕರುಗಳು ಅವು. 40,000 ಘನ ಮೀಟರಿನ ಅಂಥ ಒಂದು ಹಡಗಿಗೆ ಸುಮಾರು 27,000 ಟನ್ ಅಮೋನಿಯಾ ಹಿಡಿಸುತ್ತದೆ. ಅಮೋನಿಯಾ ಎಂದರೆ ಒಂದು ಸಾರಜನಕದ ಪರಮಾಣುವಿಗೆ ಅಂಟಿಕೊಂಡ ಮೂರು ಜಲಜನಕದ ಪರಮಾಣುಗಳು. ತೂಕದಲ್ಲಿ ಶೇ 17.6ರಷ್ಟು ಜಲಜನಕವೇ. ಅಲ್ಲಿಗೆ ಆ ಮಾಮೂಲಿ ಹಡಗು ಸದ್ದಿಲ್ಲದೆ 4,700 ಟನ್ನಿಗೂ ಹೆಚ್ಚು ಜಲಜನಕವನ್ನು ಹೊತ್ತು ಸಾಗುತ್ತಿದೆ. ಕೋಬೆಯಲ್ಲಿ ಸುದ್ದಿ ಮಾಡಿದ ಹಡಗಿನ ಐವತ್ತು ಪಟ್ಟಿಗೂ ಜಾಸ್ತಿ.

ಇನ್ನೂ ಒಂದು ಸೋಜಿಗವಿದೆ. ಒಂದು ಘನ ಮೀಟರ್ ದ್ರವ ಜಲಜನಕದಲ್ಲಿ ಇರುವುದಕ್ಕಿಂತ ಹೆಚ್ಚು ಜಲಜನಕ ಒಂದು ಘನ ಮೀಟರ್ ದ್ರವ ಅಮೋನಿಯಾದಲ್ಲಿದೆ: ಅಲ್ಲಿ 71 ಕಿಲೋ, ಇಲ್ಲಿ ಹತ್ತಿರಹತ್ತಿರ 120 ಕಿಲೋ. ಅಮೋನಿಯಾ ಮೈನಸ್ 33 ಡಿಗ್ರಿಗೇ ದ್ರವವಾಗುತ್ತದೆ. ತಣಿಸುವ ಗೊಡವೆಯೇ ಬೇಡವೆಂದರೆ ವಾತಾವರಣದ ಸುಮಾರು ಹತ್ತು ಪಟ್ಟು ಒತ್ತಡ ಹಾಕಿದರೂ ಸಾಕು. ಬಿಸಿಲಿನಿಂದ, ಗಾಳಿಯಿಂದ ಹುಟ್ಟಿದ ಕರೆಂಟನ್ನು ಸಮುದ್ರದಾಚೆ ಕಳಿಸುವ ದಾರಿ ಹುಡುಕುತ್ತಿದ್ದ ವಿಜ್ಞಾನಿಗಳ ಕಣ್ಣು ಈ ಹಳೆಯ ಗೊಬ್ಬರದ ಅನಿಲದ ಮೇಲೆ ಬಿದ್ದದ್ದು ಇದಕ್ಕೇ. 2014ರಿಂದ 2018ರವರೆಗೆ ಜಪಾನ್ ಸರ್ಕಾರ ‘ಎನರ್ಜಿ ಕ್ಯಾರಿಯರ್’ ಎಂಬ ಸಂಶೋಧನಾ ಯೋಜನೆಯೊಂದನ್ನು ನಡೆಸಿ ಮೂವರು ಹಮಾಲರನ್ನು ಪರೀಕ್ಷೆಗೆ ನಿಲ್ಲಿಸಿತು: ದ್ರವ ಜಲಜನಕ, ಟೊಲುಯೀನ್‌ಗೆ ಜಲಜನಕ ಸೇರಿಸಿ ತಯಾರಿಸುವ ಮೀಥೈಲ್‌ಸೈಕ್ಲೊಹೆಕ್ಸೇನ್ ಎಂಬ ದ್ರವ, ಮತ್ತು ಅಮೋನಿಯಾ. ಹಡಗು, ಬಂದರು, ಟ್ಯಾಂಕು, ಪೈಪು, ಪಳಗಿದ ಕೆಲಸಗಾರರು ಎಲ್ಲವೂ ಮೂರನೆಯದಕ್ಕೆ ಮೊದಲೇ ಇದ್ದವು.

ನಮಗೂ ಅದು ಹೊಸದೇನಲ್ಲ. ನವಮಂಗಳೂರು ಬಂದರಿಗೆ ಅಮೋನಿಯಾ ಹೊತ್ತ ಹಡಗುಗಳು ಬರುತ್ತವೆ. ಪಣಂಬೂರಿನಲ್ಲಿ ಎಂಸಿಎಫ್ ಎಂದೇ ಜನ ಕರೆಯುವ ಕಾರ್ಖಾನೆ 1976ರಿಂದ ಗೊಬ್ಬರ ತಯಾರಿಸುತ್ತಿದೆ. ಯೂರಿಯಾಕ್ಕೆ ಬೇಕಾದ ಅಮೋನಿಯಾವನ್ನು ಅಲ್ಲೇ ಮಾಡಿಕೊಂಡರೆ, ಡಿಎಪಿಗೆ ಬೇಕಾದದ್ದನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಮೊದಲು ನ್ಯಾಫ್ತಾದಿಂದ ಜಲಜನಕ ತೆಗೆಯುತ್ತಿದ್ದರು. ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲದಿಂದ.

ತೊಡಕು ಇರುವುದು ಇಲ್ಲೇ. ಜಗತ್ತು ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯಾ ತಯಾರಿಸುತ್ತದೆ. ಅದರ ಜಲಜನಕವೆಲ್ಲ ಹೆಚ್ಚುಕಡಿಮೆ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬಂದದ್ದು. ಒಂದು ಟನ್ ಅಮೋನಿಯಾ ಹುಟ್ಟುವಾಗ ಎರಡು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಒಟ್ಟು ಲೆಕ್ಕ ವರ್ಷಕ್ಕೆ 45 ಕೋಟಿ ಟನ್ ಆಸುಪಾಸು. ಈ ಅಮೋನಿಯಾವನ್ನೇ ತಂದು ‘ಸ್ವಚ್ಛ ಇಂಧನ’ ಎಂದು ಉರಿಸಿದರೆ ಹೊಗೆಯ ವಿಳಾಸ ಬದಲಾದೀತು, ಅಷ್ಟೇ.

ನಂಗಲ್‌ನಲ್ಲಿ ಆಗಲೇ ನಡೆದಿತ್ತು

ಗಾಳಿಯ ಸಾರಜನಕವನ್ನು ಜಲಜನಕದ ಜೊತೆ ಬೆಸೆಯುವ ವಿದ್ಯೆಯನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಮಾಡಿ ತೋರಿಸಿದ, ಕಾರ್ಲ್ ಬಾಷ್ ಅದನ್ನು 1913ರಲ್ಲಿ ಒಪ್ಪೌ ಎಂಬಲ್ಲಿ ಕಾರ್ಖಾನೆಗೇರಿಸಿದ. ಈ ಕಥೆ ಶಾಲೆಯ ಪುಸ್ತಕದಲ್ಲಿದೆ, ಬಿಡಿ. ಕಬ್ಬಿಣದ ವೇಗವರ್ಧಕ, 400ರಿಂದ 500 ಡಿಗ್ರಿ ಬಿಸಿ, ವಾತಾವರಣದ 150–250 ಪಟ್ಟು ಒತ್ತಡ. ಇಂದಿಗೂ ಬಹುಪಾಲು ಇದೇ ವಿಧಾನ. ಪುಸ್ತಕದಲ್ಲಿ ಅಷ್ಟಾಗಿ ಸಿಗದ ಸಂಗತಿ ಬೇರೆಯಿದೆ. ಇವತ್ತು ನಾವು ‘ಹಸಿರು ಅಮೋನಿಯಾ’ ಎಂದು ಪಟ್ಟ ಕಟ್ಟುತ್ತಿರುವ ವಸ್ತುವನ್ನು ನಮ್ಮ ದೇಶ ಅರವತ್ತು ವರ್ಷಗಳ ಹಿಂದೆಯೇ ಟನ್‌ಗಟ್ಟಲೆ ತಯಾರಿಸಿತ್ತು.

ಸಟ್ಲೆಜ್ ನದಿಯ ದಂಡೆಯ ನಂಗಲ್‌ನಲ್ಲಿ 1961ರಲ್ಲಿ ಶುರುವಾದ ಗೊಬ್ಬರ ಕಾರ್ಖಾನೆಗೆ ನ್ಯಾಫ್ತಾವೂ ಬೇಕಿರಲಿಲ್ಲ, ಕಲ್ಲಿದ್ದಲೂ ಬೇಕಿರಲಿಲ್ಲ. ಭಾಕ್ರಾ–ನಂಗಲ್‌ನ ಅಗ್ಗದ ಜಲವಿದ್ಯುತ್ತನ್ನು ನೀರಿಗೆ ಹಾಯಿಸಿ ಜಲಜನಕ ಬೇರ್ಪಡಿಸುತ್ತಿದ್ದರು, ಗಾಳಿಯಿಂದ ಸಾರಜನಕ. ಎರಡೂ ಸೇರಿ ಅಮೋನಿಯಾ, ಅದರಿಂದ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಗೊಬ್ಬರ. ನೀರನ್ನು ಹೀಗೆ ವಿದ್ಯುತ್ತಿನಿಂದ ಒಡೆಯುತ್ತ ಹೋದಾಗ ಹಗುರ ಜಲಜನಕ ಮೊದಲು ಹಾರಿಹೋಗಿ, ಭಾರದ ಜಲಜನಕವಿರುವ ನೀರು ತಳದಲ್ಲಿ ಉಳಿದುಕೊಳ್ಳುತ್ತದೆ. ಹಾಗಾಗಿ 1962ರಲ್ಲಿ ದೇಶದ ಮೊದಲ ಭಾರಜಲ ಸ್ಥಾವರವೂ ಅಲ್ಲೇ ಎದ್ದಿತು. ನಾರ್ವೆಯ ರ್‍ಯೂಕಾನ್ ಕಣಿವೆಯಲ್ಲಿ ನಡೆದದ್ದೂ ಇದೇ: ಜಲಪಾತದ ಕರೆಂಟು, ಗೊಬ್ಬರಕ್ಕೆ ಜಲಜನಕ, ಪಕ್ಕದಲ್ಲೇ ಭಾರಜಲ. 1943ರ ಫೆಬ್ರುವರಿಯಲ್ಲಿ ನಾರ್ವೆಯ ಕಮಾಂಡೊಗಳು ನುಗ್ಗಿ ಹಾಳುಗೆಡವಿದ ಅಲ್ಲಿನ ವೆಮೊರ್ಕ್ ಘಟಕ ನಿಜಕ್ಕೂ ಒಂದು ಗೊಬ್ಬರ ಉದ್ಯಮದ ಬಾಲಂಗೋಚಿ.

ಮತ್ತೇಕೆ ನಿಂತಿತು? ಭಾಕ್ರಾದ ಕರೆಂಟಿಗೆ ಬೇರೆ ಗಿರಾಕಿಗಳು ಹೆಚ್ಚಾದರು. ತೈಲ, ಅನಿಲಗಳಿಂದ ಜಲಜನಕ ತೆಗೆಯುವುದು ಅಗ್ಗವಾಯಿತು. ನಂಗಲ್ ಮೊದಲು ಫರ್ನೇಸ್ ಆಯಿಲ್‌ಗೆ, ಆಮೇಲೆ ನೈಸರ್ಗಿಕ ಅನಿಲಕ್ಕೆ ಹೊರಳಿತು. ಕೈಬಿಟ್ಟ ತಂತ್ರಜ್ಞಾನದಲ್ಲಿ ದೋಷವಿರಲಿಲ್ಲ. ಕರೆಂಟಿನ ದರ ಒಪ್ಪಲಿಲ್ಲ. ಇಂದು ಸೌರ ವಿದ್ಯುತ್ತಿನ ದರ ಇಳಿದಿರುವುದರಿಂದಲೇ ಹಳೆಯ ಕಡತ ಮತ್ತೆ ತೆರೆದಿದೆ.

ಆದರೆ ಅಣೆಕಟ್ಟಿನ ಕರೆಂಟಿಗೂ ಪಾವಗಡದ ಬಿಸಿಲಿನ ಕರೆಂಟಿಗೂ ಒಂದು ವ್ಯತ್ಯಾಸವಿದೆ. ಸಂಜೆ ಆರಕ್ಕೆ ಬಿಸಿಲು ಕೆಲಸ ನಿಲ್ಲಿಸುತ್ತದೆ. ಹೇಬರ್–ಬಾಷ್ ಘಟಕಕ್ಕೆ ಅದು ಹಿಡಿಸದು. ಹಗಲು ಕಾಯಿಸಿ ರಾತ್ರಿ ಆರಿಸಿದರೆ ವೇಗವರ್ಧಕದ ಆಯಸ್ಸೂ ಉಕ್ಕಿನ ಪಾತ್ರೆಯ ಆಯಸ್ಸೂ ತಗ್ಗುತ್ತವೆ. ಆದ್ದರಿಂದ ಸಂಶೋಧನೆಯ ಒಂದು ದೊಡ್ಡ ಪಾಲು ಈಗ ‘ತಗ್ಗಿಸಿ–ಏರಿಸಿ ಓಡಿಸುವ’ ಘಟಕಗಳ ಸುತ್ತ ನಡೆಯುತ್ತಿದೆ. ಟೋಕಿಯೊದ ಹಿದೆಯೊ ಹೊಸೊನೊ ತಂಡ 2012ರಲ್ಲಿ ಎಲೆಕ್ಟ್ರೈಡ್ ಎಂಬ ವಿಚಿತ್ರ ವಸ್ತುವಿನ ಮೇಲೆ ರುಥೇನಿಯಂ ಲೋಹವನ್ನು ಕೂರಿಸಿ, ಕಡಿಮೆ ಬಿಸಿ, ಕಡಿಮೆ ಒತ್ತಡದಲ್ಲೂ ಅಮೋನಿಯಾ ತೆಗೆಯಬಹುದೆಂದು ತೋರಿಸಿತು. ಸಣ್ಣ ಘಟಕಗಳಿಗೆ ಅದು ಒಳ್ಳೆಯ ಸುದ್ದಿ. ರುಥೇನಿಯಂ ಮಾತ್ರ ಕಬ್ಬಿಣವಲ್ಲ. ಭೂಮಿಯಲ್ಲಿ ಅದು ಇರುವುದೇ ಚೂರುಪಾರು.

ಉಸಿರಿನಲ್ಲೂ ಅಮೋನಿಯಾ

ಬಿಸಿ, ಒತ್ತಡ ಎರಡನ್ನೂ ಬಿಟ್ಟು ಬರೀ ನೀರು, ಗಾಳಿ, ಕರೆಂಟು ಸೇರಿಸಿ ಒಂದು ಗಾಜಿನ ಕೋಶದಲ್ಲೇ ಅಮೋನಿಯಾ ಮಾಡಿಬಿಟ್ಟರೆ? ಶೇಂಗಾ ಗಿಡದ ಬೇರಿನ ಗಂಟಿನಲ್ಲಿ ಕೂತ ಬ್ಯಾಕ್ಟೀರಿಯಾ ಮಣ್ಣಿನ ಬಿಸಿಯಲ್ಲೇ ಈ ಕೆಲಸ ಮಾಡುತ್ತದೆ ಅಂದ ಮೇಲೆ ನಮಗೇಕೆ ಆಗದು ಎಂಬುದು ಸಹಜ ಆಸೆ. ಇದರ ಬೆನ್ನು ಹತ್ತಿದ ಪ್ರಯೋಗಾಲಯಗಳ ಕಥೆ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಓದಬೇಕಾದದ್ದು.

ಸಾರಜನಕದ ಎರಡು ಪರಮಾಣುಗಳು ಪರಸ್ಪರ ಮೂರು ಬಂಧಗಳಲ್ಲಿ ಬಿಗಿದುಕೊಂಡಿವೆ. ಸಾಧಾರಣ ಬಿಸಿಯಲ್ಲಿ ಅವನ್ನು ಬಿಡಿಸಹೊರಟರೆ ಕರೆಂಟೆಲ್ಲ ನೀರನ್ನು ಒಡೆಯುವುದಕ್ಕೇ ಹೋಗುತ್ತದೆ. ಹುಟ್ಟುವ ಅಮೋನಿಯಾ ಹನಿಯಲ್ಲೊಂದು ಕಣ. ಆ ಕಣ ನಿಜಕ್ಕೂ ಕೋಶದಲ್ಲೇ ಹುಟ್ಟಿತೇ ಎಂದು ಕೇಳಿದರೆ ಅಲ್ಲಿಂದ ಪತ್ತೇದಾರಿ ಶುರು. ಪ್ರಯೋಗಾಲಯದ ಗಾಳಿಯಲ್ಲಿ ಅಮೋನಿಯಾ ಇರುತ್ತದೆ. ಬಗ್ಗಿ ನೋಡುವ ಸಂಶೋಧಕಿಯ ಉಸಿರಿನಲ್ಲಿ ಇರುತ್ತದೆ. ಕೈಗೆ ತೊಟ್ಟ ನೈಟ್ರೈಲ್ ಗ್ಲೌಸಿನಿಂದ ಬರಬಹುದು. ಬಳಸುವ ಲಿಥಿಯಂ ಲವಣದಲ್ಲಿ ನೈಟ್ರೇಟ್ ಕಲಬೆರಕೆ ಇದ್ದು, ಅದೇ ಅಮೋನಿಯಾ ಆಗಿ ‘ಗೆದ್ದೆವು’ ಎಂಬ ಭ್ರಮೆ ಹುಟ್ಟಿಸಬಹುದು. ಕಲಬೆರಕೆ ಪತ್ತೆ ಮಾಡಲೆಂದು ಸಾರಜನಕ-15 ಎಂಬ ಗುರುತಿನ ಐಸೊಟೋಪ್ ಅನಿಲ ತರಿಸಿದರೆ, ಆ ಸಿಲಿಂಡರಿನಲ್ಲೂ ಒಂದಿಷ್ಟು ಅಮೋನಿಯಾ ಮೊದಲೇ ಸೇರಿಕೊಂಡಿರುವುದುಂಟು! 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದು ಭಾರಿ ಸದ್ದು ಮಾಡಿದ್ದ ಪ್ರಬಂಧವೊಂದನ್ನು 2020ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಇಬ್ ಚೋರ್ಕೆನ್‌ಡಾರ್ಫ್ ಮತ್ತು ಸಂಗಡಿಗರು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಟ್ಟುನಿಟ್ಟಿನ ಪರೀಕ್ಷಾ ಕ್ರಮವೊಂದನ್ನು ಪ್ರಕಟಿಸಿದರು: ಅನಿಲವನ್ನು ಹೇಗೆ ತೊಳೆಯಬೇಕು, ಯಾವ ಯಾವ ಖಾಲಿ ಪರೀಕ್ಷೆಗಳನ್ನು ನಡೆಸಬೇಕು, ಐಸೊಟೋಪ್ ಲೆಕ್ಕ ಹೇಗೆ ತಾಳೆಯಾಗಬೇಕು ಎಂಬುದೆಲ್ಲ ಅದರಲ್ಲಿತ್ತು. ಆ ಜರಡಿಯಲ್ಲಿ ಹಾಕಿ ಜಾಲಾಡಿದಾಗ ಅವರ ಕೈಯಲ್ಲಿ ಗಟ್ಟಿಯಾಗಿ ಉಳಿದದ್ದು ಲಿಥಿಯಂ ದಾರಿಯೊಂದೇ.

ಈ ದಾರಿಯಲ್ಲಿ ಲಿಥಿಯಂ ಲೋಹ ಸಾರಜನಕವನ್ನು ಕಬಳಿಸಿ ನೈಟ್ರೈಡ್ ಆಗುತ್ತದೆ, ಅದಕ್ಕೆ ಪ್ರೋಟಾನ್ ಒದಗಿಸಿದರೆ ಅಮೋನಿಯಾ ಬಿಟ್ಟುಕೊಡುತ್ತದೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಕ್‌ಫಾರ್ಲೇನ್ ತಂಡ 2021ರಲ್ಲಿ ಪ್ರೋಟಾನ್ ಹೊತ್ತು ತರುವ ಫಾಸ್ಫೋನಿಯಂ ಲವಣವೊಂದನ್ನು ಬಳಸಿ ಇದನ್ನು ಗಮನಾರ್ಹವಾಗಿ ಸುಧಾರಿಸಿತು. ಆದರೆ ಲಿಥಿಯಂ ಅನ್ನು ಲೋಹವಾಗಿ ಇಳಿಸುವುದಕ್ಕೇ ಹೆಚ್ಚಿನ ವೋಲ್ಟೇಜು ಬೇಕು. ಸದ್ಯಕ್ಕೆ ಕಾರ್ಖಾನೆ ಕಟ್ಟುವವರು ಕರೆಂಟಿನಿಂದ ನೀರು ಒಡೆಯುವ ಎಲೆಕ್ಟ್ರೋಲೈಸರ್ ಇಟ್ಟು, ಅದರ ಹಿಂದೆ ನೂರು ವರ್ಷ ಹಳೆಯ ಹೇಬರ್–ಬಾಷ್ ಘಟಕವನ್ನೇ ಜೋಡಿಸುತ್ತಿದ್ದಾರೆ. ಸೌದಿ ಅರೇಬಿಯಾದ ನಿಯೋಮ್‌ನಲ್ಲಿ ವರ್ಷಕ್ಕೆ 12 ಲಕ್ಷ ಟನ್ ಹಸಿರು ಅಮೋನಿಯಾದ ಗುರಿಯಿಟ್ಟು ಕಟ್ಟುತ್ತಿರುವುದೂ ಇದೇ ಜೋಡಿಯನ್ನು.

ಬಿಚ್ಚುವ ಕೆಲಸ

ಇಷ್ಟು ಪಾಡುಪಟ್ಟು ಅಮೋನಿಯಾ ಆಯಿತು, ಹಡಗೇರಿತು, ಆಚೆ ದಡ ಸೇರಿತು ಅನ್ನಿ. ಈಗ ಅದರೊಳಗಿನ ಜಲಜನಕ ಬೇಕು. ಹಾಲಿನ ಪುಡಿಗೆ ನೀರು ಬೆರೆಸಿದಷ್ಟು ಸಲೀಸಲ್ಲ ಇದು. ಅಮೋನಿಯಾವನ್ನು ಒಡೆಯಲು ಶಾಖ ಕೊಡಬೇಕು. ನಿಕ್ಕಲ್ ಅಥವಾ ಕಬ್ಬಿಣದ ವೇಗವರ್ಧಕವಾದರೆ 600 ಡಿಗ್ರಿಯಿಂದ ಮೇಲಕ್ಕೆ. ಸಿಗುವ ಜಲಜನಕದ ಶಕ್ತಿಯಲ್ಲಿ ಕನಿಷ್ಠ ಎಂಟನೇ ಒಂದು ಪಾಲು ಈ ಶಾಖಕ್ಕೇ ಸಂದಾಯ. ಅದು ರಸಾಯನಶಾಸ್ತ್ರದ ಕಟ್ಟುಪಾಡು, ಚೌಕಾಸಿಗೆ ಜಾಗವಿಲ್ಲ. ಅದರ ಮೇಲೆ ಶುದ್ಧೀಕರಣದ ಖರ್ಚು ಬೇರೆ. ಕಾರು, ಬಸ್ಸುಗಳ ಇಂಧನಕೋಶಕ್ಕೆ ಹೋಗುವ ಜಲಜನಕದಲ್ಲಿ ಅಮೋನಿಯಾ ಒಂದು ಕೋಟಿಗೆ ಒಂದು ಪಾಲಿಗಿಂತ ಹೆಚ್ಚಿರಬಾರದೆಂದು ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಮೀರಿದರೆ ಕೋಶದ ಪೊರೆ ಕೆಡುತ್ತದೆ.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಇದಕ್ಕೊಂದು ಚಂದದ ಪರಿಹಾರ ತೋರಿಸಿತು. ವನೇಡಿಯಂ ಲೋಹದ ತೆಳುಕೊಳವೆ, ಮೇಲೆ ಪಲ್ಲೇಡಿಯಂ ಲೇಪ. ಒಡೆದ ಅನಿಲವನ್ನು ಅದರ ಮೂಲಕ ಹಾಯಿಸಿದರೆ ಜಲಜನಕ ಮಾತ್ರ ಲೋಹದೊಳಗೆ ನುಸುಳಿ ಆಚೆ ಬರುತ್ತದೆ, ಮಿಕ್ಕದ್ದು ಹಿಂದೆಯೇ ಉಳಿಯುತ್ತದೆ. 2018ರ ಆಗಸ್ಟಿನಲ್ಲಿ ಬ್ರಿಸ್ಬೇನಿನಲ್ಲಿ ಹೀಗೆ ಅಮೋನಿಯಾದಿಂದ ತೆಗೆದ ಜಲಜನಕವನ್ನು ಟೊಯೊಟಾ ಮಿರಾಯ್, ಹ್ಯುಂಡೈ ನೆಕ್ಸೊ ಕಾರುಗಳಿಗೆ ತುಂಬಿಸಿ ಓಡಿಸಿದರು. ಅಮೋನಿಯಾ ಒಡೆಯುವ ವಿದ್ಯೆ ಭಾರತಕ್ಕೂ ಅಪರಿಚಿತವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಥಾಲ್, ಹಜೀರಾಗಳ ಭಾರಜಲ ಸ್ಥಾವರಗಳು ಅಮೋನಿಯಾ–ಜಲಜನಕ ವಿನಿಮಯ ವಿಧಾನದಲ್ಲಿ ಕೆಲಸ ಮಾಡುತ್ತವೆ; ಅಮೋನಿಯಾವನ್ನು ಒಡೆಯುವ ಕ್ರ್ಯಾಕರ್ ಆ ವಿಧಾನದ ಅಂಗವೇ. ಅಣುಶಕ್ತಿ ಇಲಾಖೆಯ ಗೋಡೆಯೊಳಗಿನ ಈ ಅನುಭವ ಇಂಧನದ ಚರ್ಚೆಯಲ್ಲಿ ಯಾಕೋ ಕಿವಿಗೇ ಬೀಳುವುದಿಲ್ಲ.

ಲೆಕ್ಕ ಹಾಕೋಣ. ಒಂದು ಟನ್ ಹಸಿರು ಅಮೋನಿಯಾ ತಯಾರಿಸಲು ಸುಮಾರು 10,000 ಯೂನಿಟ್ ಕರೆಂಟು ಬೇಕು. ಆ ಟನ್ನಿನಲ್ಲಿರುವ ಶಕ್ತಿ ಸುಮಾರು 5,200 ಯೂನಿಟ್. ಅದನ್ನು ವಿದ್ಯುತ್ ಸ್ಥಾವರದಲ್ಲಿ ಉರಿಸಿದರೂ ಅಷ್ಟೇ, ಒಡೆದು ಇಂಧನಕೋಶಕ್ಕೆ ಕೊಟ್ಟರೂ ಅಷ್ಟೇ, ಕೊನೆಗೆ ತಂತಿಗೆ ಬರುವುದು 2,000 ಯೂನಿಟ್ ಚಿಲ್ಲರೆ. ಹತ್ತು ಕೊಟ್ಟು ಎರಡು ಪಡೆಯುವ ವ್ಯವಹಾರ. ಪಾವಗಡದಿಂದ ಬೆಂಗಳೂರಿಗೆ ಕರೆಂಟು ತರಬೇಕಾದವರು ಈ ದಾರಿ ಹಿಡಿದರೆ ಮರುಳೆನ್ನುತ್ತಾರೆ. ತಂತಿ ಎಳೆದರೆ ಮುಗಿಯಿತು. ಸುತ್ತ ಸಮುದ್ರ, ಸೌರಫಲಕ ಹರಡಲು ಬಯಲಿಲ್ಲ, ಇರುವ ಕಲ್ಲಿದ್ದಲು ಸ್ಥಾವರ ಮುಚ್ಚುವ ಮನಸ್ಸಿಲ್ಲ. ಹೀಗಿರುವ ಜಪಾನಿಗೆ ಮಾತ್ರ ಇದು ಮರುಳಾಗಿ ಕಾಣುವುದಿಲ್ಲ.

ಹೇಗೂ ಒಡೆಯುವುದು ದುಬಾರಿ, ಹಾಗೆಯೇ ಉರಿಸಿಬಿಡೋಣ ಎಂದು ಜಪಾನ್ ಹೊರಟಿತು. ಅಮೋನಿಯಾ ಉರಿಸುವುದು ಹೊಸ ಹುಚ್ಚೇನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಡೀಸೆಲ್ ಸಿಗದಾದಾಗ ಬೆಲ್ಜಿಯಂನಲ್ಲಿ 1943ರ ಹೊತ್ತಿಗೆ ಅಮೋನಿಯಾ ಬಸ್ಸುಗಳು ಓಡಿದ್ದವು, ಒಂದಿಷ್ಟು ಕಲ್ಲಿದ್ದಲ ಅನಿಲದ ಊರುಗೋಲು ಹಿಡಿದು. ಊರುಗೋಲು ಬೇಕಾದದ್ದು ಅಮೋನಿಯಾದ ಜ್ವಾಲೆ ಸೋಮಾರಿಯಾದ್ದರಿಂದ. ನೈಸರ್ಗಿಕ ಅನಿಲದ ಜ್ವಾಲೆ ಸೆಕೆಂಡಿಗೆ ಸುಮಾರು 38 ಸೆಂಟಿಮೀಟರ್ ಮುನ್ನುಗ್ಗಿದರೆ, ಜಲಜನಕದ್ದು ಮೂರು ಮೀಟರಿನ ಹತ್ತಿರ. ಅಮೋನಿಯಾದ್ದು ಬರೀ 7 ಸೆಂಟಿಮೀಟರ್. ಗಾಳಿ ತುಸು ಜೋರಾದರೆ ಆರಿಹೋಗುತ್ತದೆ, ಉರಿದರೆ ನೈಟ್ರೋಜನ್ ಆಕ್ಸೈಡ್‌ಗಳನ್ನು ಉಗುಳುತ್ತದೆ. ಅರೆಬೆಂದರೆ ಹೊಮ್ಮುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಭೂಮಿಯನ್ನು ಕಾಯಿಸುವ ಅನಿಲ. ತಮಾಷೆಯೆಂದರೆ ನೈಟ್ರೋಜನ್ ಆಕ್ಸೈಡಿಗೆ ಮದ್ದೂ ಅಮೋನಿಯಾವೇ. ಬಿಎಸ್-6 ಲಾರಿಗಳಿಗೆ ಚಾಲಕರು ಹಾಕಿಸುವ ಡಿಇಎಫ್ ದ್ರಾವಣ ಹೊಗೆಕೊಳವೆಯಲ್ಲಿ ಅಮೋನಿಯಾ ಆಗಿಯೇ ಕೆಲಸ ಮಾಡುವುದು. ಗಾಳಿಯನ್ನು ಸುಳಿಯಾಗಿ ತಿರುಗಿಸಿ ಜ್ವಾಲೆಯನ್ನು ಹಿಡಿದಿಡುವುದು, ಮೊದಲ ಹಂತದಲ್ಲಿ ಅಮೋನಿಯಾ ಹೆಚ್ಚು, ಎರಡನೆಯದರಲ್ಲಿ ಗಾಳಿ ಹೆಚ್ಚು ಕೊಡುವುದು. ತೊಹೊಕು ವಿಶ್ವವಿದ್ಯಾಲಯ, ಫುಕುಶಿಮಾದ ನವೀಕರಿಸಬಹುದಾದ ಇಂಧನ ಸಂಸ್ಥೆಗಳು 50 ಕಿಲೋವ್ಯಾಟಿನ ಪುಟ್ಟ ಟರ್ಬೈನಿನಲ್ಲಿ ಕಲಿತ ಪಾಠಗಳಿವು.

2024ರ ಏಪ್ರಿಲಿನಿಂದ ಜೂನ್‌ವರೆಗೆ ಐಚಿ ಪ್ರಾಂತದ ಹೆಕಿನಾನ್‌ನಲ್ಲಿ ಜೆರಾ ಕಂಪನಿ, ಐಎಚ್‌ಐ ಜೊತೆಗೂಡಿ 1,000 ಮೆಗಾವ್ಯಾಟಿನ ಕಲ್ಲಿದ್ದಲು ಘಟಕದಲ್ಲಿ ಶೇ 20ರಷ್ಟು ಶಾಖವನ್ನು ಅಮೋನಿಯಾದಿಂದ ಕೊಟ್ಟು ನೋಡಿತು. ತಾಂತ್ರಿಕವಾಗಿ ಪರೀಕ್ಷೆ ಪಾಸು: ನೈಟ್ರೋಜನ್ ಆಕ್ಸೈಡ್ ಹೆಚ್ಚಲಿಲ್ಲ, ಗಂಧಕದ ಆಕ್ಸೈಡ್ ಸುಮಾರು ಶೇ 20 ಇಳಿಯಿತು, ನೈಟ್ರಸ್ ಆಕ್ಸೈಡ್ ಪತ್ತೆಯಾಗುವಷ್ಟೂ ಇರಲಿಲ್ಲ. ಇಂಜಿನಿಯರುಗಳಿಗೆ ಭೇಷ್ ಅನ್ನಬೇಕು. ಆದರೂ ನನಗೆ ಈ ಯೋಜನೆ ಒಗ್ಗುವುದಿಲ್ಲ. ಉಳಿದ ಶೇ 80 ಕಲ್ಲಿದ್ದಲೇ. ಅಂಥ ಒಂದು ಘಟಕಕ್ಕೆ ವರ್ಷವಿಡೀ ಶೇ 20 ಅಮೋನಿಯಾ ಕೊಡಬೇಕೆಂದರೆ ಸುಮಾರು 5 ಲಕ್ಷ ಟನ್ ಬೇಕು. ಜಗತ್ತಿನಲ್ಲಿ ವರ್ಷಕ್ಕೆ ಹಡಗೇರುವ ಅಮೋನಿಯಾ ಸುಮಾರು 2 ಕೋಟಿ ಟನ್. ನಲವತ್ತು ಘಟಕಗಳಿಗೆ ಅಷ್ಟೂ ಖಾಲಿ. 2022ರಲ್ಲಿ ಯುಕ್ರೇನ್ ಯುದ್ಧದಿಂದ ಟೊಗ್ಲಿಯಾಟ್ಟಿ–ಒಡೆಸಾ ಕೊಳವೆ ನಿಂತು, ಅನಿಲ ದುಬಾರಿಯಾಗಿ, ಅಮೋನಿಯಾ ದರ ಟನ್ನಿಗೆ 1,600 ಡಾಲರ್ ದಾಟಿದಾಗ ಗೊಬ್ಬರದ ಅಂಗಡಿಗಳ ಮುಂದೆ ಏನಾಯಿತೆಂದು ರೈತರಿಗೆ ನೆನಪಿದೆ. ಆ ಮಾರುಕಟ್ಟೆಗೆ ವಿದ್ಯುತ್ ಕಂಪನಿಗಳೂ ಚೀಲ ಹಿಡಿದು ಬಂದರೆ ದರ ಯಾರ ಕೈಗೆ ಎಟುಕೀತು?

ಹಡಗುಗಳ ಮಾತು ಬೇರೆ. ನಡುಗಡಲಿಗೆ ತಂತಿ ಎಳೆಯಲಾಗದು, ಬ್ಯಾಟರಿ ಸಾಲದು. 2024ರ ಮಾರ್ಚಿನಲ್ಲಿ ಸಿಂಗಪುರದಲ್ಲಿ ‘ಗ್ರೀನ್ ಪಯೊನಿಯರ್’ ಹಡಗಿಗೆ ಅಮೋನಿಯಾ ಇಂಧನ ತುಂಬಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಜಪಾನಿನ ‘ಸಕಿಗಾಕೆ’ ಎಂಬ ಟಗ್ ಅಮೋನಿಯಾ ಎಂಜಿನ್ನಿನಲ್ಲಿ ಕೆಲಸಕ್ಕಿಳಿಯಿತು.

ಮೂಗಿಗೆ ಬಡಿದ ಮೇಲೆ

ಕರಾವಳಿಯ ಮೀನುಗಾರಿಕೆ ಬಂದರುಗಳ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದವರಿಗೆ ಈ ಲೇಖನದ ನಾಯಕನ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಪ್ಪುನೀರಿನ ತೊಟ್ಟಿ, ಅದರಲ್ಲಿ ಮುಳುಗಿದ ತಗಡಿನ ಐಸ್ ಕ್ಯಾನುಗಳು, ತೊಟ್ಟಿಯ ನೀರನ್ನು ತಣಿಸುವ ಕೊಳವೆಗಳಲ್ಲಿ ಹರಿಯುವ ಅಮೋನಿಯಾ. ಕೊಳವೆಯ ಜಾಯಿಂಟು ಸೋರುತ್ತಿದೆಯೇ ನೋಡಲು ಹಳೆಯ ಆಪರೇಟರುಗಳು ಗಂಧಕದ ಬತ್ತಿ ಹಚ್ಚಿ ಕೊಳವೆಯುದ್ದಕ್ಕೂ ಹಿಡಿಯುತ್ತಾರೆ. ಸೋರುವ ಜಾಗದಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಐದಾರು ಪಾಲು ಅಮೋನಿಯಾ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. 300 ಪಾಲಾದರೆ ಪ್ರಾಣಕ್ಕೆ ಅಪಾಯ. ಅನಿಲ ಗಾಳಿಗಿಂತ ಹಗುರವೇ. ಆದರೆ ತಣ್ಣನೆಯ ದ್ರವ ಚೆಲ್ಲಿದಾಗ ಮಂಜಿನಂತೆ ನೆಲಕ್ಕಂಟಿಕೊಂಡು ಹರಡುತ್ತದೆ. ನೀರು ಸಿಂಪಡಿಸಿ ತಗ್ಗಿಸಬಹುದು, ಆ ನೀರು ಹೊಳೆ ಸೇರಿದರೆ ಮೀನುಗಳ ಗತಿ ಮುಗಿಯಿತು.

1992ರಲ್ಲಿ ಸೆನೆಗಲ್‌ನ ಡಕಾರ್‌ನ ಶೇಂಗಾ ಕಾರ್ಖಾನೆಯೊಂದರಲ್ಲಿ ಅಮೋನಿಯಾ ಟ್ಯಾಂಕು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ತೀರ ಈಚೆಗೆ, 2023ರ ಡಿಸೆಂಬರ್ 26ರ ರಾತ್ರಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಗೊಬ್ಬರ ಕಾರ್ಖಾನೆಗೆ ಹಡಗಿನಿಂದ ಅಮೋನಿಯಾ ತರುವ ಸಮುದ್ರದಡಿಯ ಕೊಳವೆ ಸೋರಿತು. ಮೀನುಗಾರರ ಕೇರಿಗಳ ಜನ ಕೆಮ್ಮುತ್ತ ನಡುರಾತ್ರಿ ಮನೆ ಬಿಟ್ಟು ಓಡಿದರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಅಮೋನಿಯಾವನ್ನು ನೂರು ವರ್ಷದಿಂದ ನಿಭಾಯಿಸುತ್ತಿದ್ದೇವೆ ಎಂದು ಉದ್ಯಮದವರು ಹೇಳುವುದು ಸುಳ್ಳಲ್ಲ. ನಿಭಾಯಿಸುತ್ತಿರುವುದು ಬೇಲಿ ಹಾಕಿದ ಕಾರ್ಖಾನೆಯೊಳಗೆ, ತರಬೇತಾದವರು. ಪೆಟ್ರೋಲ್ ಬಂಕಿನಂತೆ ಊರೂರಿಗೆ ಅದನ್ನು ತರುವ ಯೋಚನೆ ಯಾರಿಗಾದರೂ ಇದ್ದರೆ ಮೊದಲು ಎಣ್ಣೂರಿಗೆ ಹೋಗಿ ಬರಲಿ.

ಯಾರಿಗೆ ಮೊದಲು?

ಭಾರತದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು: 19,744 ಕೋಟಿ ರೂಪಾಯಿ, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕದ ಗುರಿ. ನಮ್ಮ ರಾಜ್ಯವೂ 2022ರಲ್ಲಿ ಮಂಗಳೂರಿನ ಹಸಿರು ಅಮೋನಿಯಾ ಘಟಕಕ್ಕೆಂದು ಭಾರಿ ಮೊತ್ತದ ಒಡಂಬಡಿಕೆಗೆ ಸಹಿ ಹಾಕಿತು. ಒಡಂಬಡಿಕೆಗಳಿಂದ ಅಮೋನಿಯಾ ಹುಟ್ಟುವುದಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಡೋಣ. ಹೆಚ್ಚು ಕುತೂಹಲದ ಬೆಳವಣಿಗೆ 2025ರ ಬೇಸಿಗೆಯ ನಂತರ ನಡೆದ ಹರಾಜು. ಕೇಂದ್ರದ ಸೌರಶಕ್ತಿ ನಿಗಮ ದೇಶದ ಗೊಬ್ಬರ ಕಾರ್ಖಾನೆಗಳ ಪರವಾಗಿ ಹಸಿರು ಅಮೋನಿಯಾಕ್ಕೆ ಬಿಡ್ ಕರೆಯಿತು. ಒಡಿಶಾದ ಪಾರಾದೀಪ್ ಕಾರ್ಖಾನೆಗೆ ವರ್ಷಕ್ಕೆ 75,000 ಟನ್ ಪೂರೈಸುವ ಮೊದಲ ಹರಾಜಿನಲ್ಲೇ ದರ ಕಿಲೋಗೆ 55 ರೂಪಾಯಿ 75 ಪೈಸೆಗೆ ಬಂದು ನಿಂತಿತು, ಡಾಲರಿನಲ್ಲಿ ಟನ್ನಿಗೆ ಸುಮಾರು 640. ಹಿಂದಿನ ವರ್ಷ ಜರ್ಮನಿಯ ಎಚ್2ಗ್ಲೋಬಲ್ ಹರಾಜಿನಲ್ಲಿ ಈಜಿಪ್ಟಿನಿಂದ ಯುರೋಪಿಗೆ ತಲುಪಿಸುವ ದರ ಟನ್ನಿಗೆ 1,000 ಯೂರೊ ಇತ್ತು. ಮೊದಲ ಕೆಲವು ವರ್ಷ ಸರ್ಕಾರದ ಪ್ರೋತ್ಸಾಹಧನ ಇದೆ, ಹತ್ತು ವರ್ಷದ ಖರೀದಿ ಖಾತ್ರಿ ಇದೆ ಎಂಬುದನ್ನು ಮರೆಯಬಾರದು. ಹಾಗಿದ್ದರೂ ಅನಿಲದಿಂದ ಮಾಡಿದ ಅಮೋನಿಯಾದ ದರಕ್ಕೆ ಇದು ಕೈಚಾಚುವಷ್ಟು ದೂರದಲ್ಲಿದೆ.

ನನಗೆ ಸರಿ ಕಂಡ ಸಂಗತಿ, ಈ ಅಮೋನಿಯಾವನ್ನು ಯಾರೂ ಒಡೆಯುವುದಿಲ್ಲ, ಉರಿಸುವುದಿಲ್ಲ. ಅಮೋನಿಯಾ ಬೇಕಾದವರಿಗೆ ಅಮೋನಿಯಾವಾಗಿಯೇ ಹೋಗುತ್ತದೆ. ಹತ್ತು ಕೊಟ್ಟು ಎರಡು ಪಡೆಯುವ ಪ್ರಶ್ನೆಯೇ ಇಲ್ಲಿ ಏಳದು. ಆಂಧ್ರದ ಕಾಕಿನಾಡದಲ್ಲಿ ಹಳೆಯ ಗೊಬ್ಬರ ಕಾರ್ಖಾನೆಯ ಜಾಗದಲ್ಲಿ ವರ್ಷಕ್ಕೆ 10 ಲಕ್ಷ ಟನ್ನಿನ ಗುರಿಯೊಂದಿಗೆ ಕಟ್ಟುತ್ತಿರುವ ಘಟಕದ ಕಣ್ಣು ರಫ್ತಿನ ಮೇಲಿದೆ. ಆಚೆ ದಡದಲ್ಲಿ ಒಡೆಯುವ ಕೂಲಿಯನ್ನು ಅಲ್ಲಿಯವರು ಕೊಟ್ಟಾರೇ ಎಂಬುದು ಅವರ ಲೆಕ್ಕ. ನಾವು ಹೊರಗಿನಿಂದ ತರಿಸುವ ಅಮೋನಿಯಾವೇ ವರ್ಷಕ್ಕೆ 20 ಲಕ್ಷ ಟನ್ನಿನ ಮೇಲಿರುವಾಗ ಮೊದಲ ಪಂಕ್ತಿ ಮನೆಯವರಿಗೇ ಹಾಕಬೇಕು.

ಹರಾಜಿಗೆ ಬಂದವು ಡಿಎಪಿ, ಕಾಂಪ್ಲೆಕ್ಸ್ ಗೊಬ್ಬರದ ಕಾರ್ಖಾನೆಗಳು. ಯೂರಿಯಾದ ಪಾಲು ಇಲ್ಲಿ ಇಲ್ಲವೆಂದೇ ಹೇಳಬೇಕು. ಕಾರಣ ರಸಾಯನಶಾಸ್ತ್ರದ್ದು. ಯೂರಿಯಾ ಅಂದರೆ ಅಮೋನಿಯಾ ಜೊತೆಗೆ ಇಂಗಾಲದ ಡೈಆಕ್ಸೈಡ್. ಪಣಂಬೂರಿನಂಥ ಕಡೆ ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುವಾಗ ಹೊಮ್ಮುವ ಡೈಆಕ್ಸೈಡೇ ಯೂರಿಯಾಕ್ಕೆ ಬಳಕೆಯಾಗುತ್ತದೆ. ನೀರಿನಿಂದ ಜಲಜನಕ ತೆಗೆದರೆ ಆ ಇಂಗಾಲ ಎಲ್ಲಿಂದ ತರುವುದು? ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಎಥನಾಲ್ ಘಟಕಗಳಲ್ಲಿ ಕಾಕಂಬಿ ಹುದುಗುವಾಗ ಬಹುತೇಕ ಶುದ್ಧ ಇಂಗಾಲದ ಡೈಆಕ್ಸೈಡ್ ಗುಳುಗುಳು ಮೇಲೇಳುತ್ತದೆ, ಸಾವಿರ ಲೀಟರ್ ಎಥನಾಲಿಗೆ ಸುಮಾರು 750 ಕಿಲೋ. ಒಂದು ಟನ್ ಯೂರಿಯಾಕ್ಕೆ ಬೇಕಾದದ್ದು ಸುಮಾರು 730 ಕಿಲೋ. ಒಂದಿಷ್ಟನ್ನು ಸೋಡಾಕ್ಕೆ, ಡ್ರೈ ಐಸಿಗೆ ಹಿಡಿಯುವವರಿದ್ದಾರೆ. ಉಳಿದದ್ದು ಕಬ್ಬಿನ ಗದ್ದೆಗಳ ಮೇಲಿನ ಗಾಳಿಗೆ ಸೇರುತ್ತಿದೆ.